ಬಿಚ್ಚಿ ನೋಡದೆ ‘ಹೋಯ್ತು’ ಅನ್ನಬೇಡಿ

ಇವತ್ತು ತುಂಬಾ ಸಿಟ್ಟು ಬಂದಿದೆ. ಇದನ್ನು ಬರೆದೇ ಮಲಗುತ್ತೇನೆ.

ಸಂಜೆ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಶೆಟ್ರು ಮಗಳ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಜೊತೆಗೆ ಒಂದು ಅಂಗಡಿಯ ಕೊಟೇಶನ್. “ಇದು ಇನ್ನು ಆಗ್ಲಿಕ್ಕಿಲ್ಲ ಅಂತ ಅಂಗಡಿಯವ ಹೇಳಿದ. ಹೊಸದು ತಗೊಳ್ಳಿ, ಇಎಂಐ ಮಾಡಿ ಕೊಡ್ತೇನೆ ಅಂತಾನೆ. ನೀವೊಮ್ಮೆ ನೋಡ್ತೀರಾ?” ಅಂದರು. ಚೀಟಿಯಲ್ಲಿದ್ದದ್ದು ಅರವತ್ತು ಸಾವಿರಕ್ಕಿಂತ ಜಾಸ್ತಿ. ಶೆಟ್ರು ಮುಂಬಯಿಯ ಮುಲುಂಡಿನ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವರು. ಮಗಳು ಬಿ.ಕಾಂ. ಓದುತ್ತಿದ್ದಾಳೆ. ಆ ಹುಡುಗಿಗೆ ಬೇಕಾದದ್ದು ಎಕ್ಸೆಲ್, ಟ್ಯಾಲಿ, ಬ್ರೌಸರ್, ಆನ್‌ಲೈನ್ ಕ್ಲಾಸು. ಅಷ್ಟೇ.

ಆನ್ ಮಾಡಿದೆ. ಪರದೆ ಸರಿಯಾಗಿ ಬರುವಷ್ಟರಲ್ಲಿ ಶೆಟ್ರು ಚಹಾ ಕುಡಿದು ಮುಗಿಸಿದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಡಿಸ್ಕ್ 100 ಶೇಕಡಾ, ಮೆಮೊರಿ ಅಂದರೆ ರ‍್ಯಾಮ್ ಭರ್ತಿ, ಪ್ರೊಸೆಸರ್ ಮಾತ್ರ ಹೆಚ್ಚೂಕಮ್ಮಿ ಸುಮ್ನೆ ಕೂತಿದೆ. ಪ್ರೊಸೆಸರ್ ಇಂಟೆಲ್ ಕಂಪನಿಯ ಐ5, 8ನೇ ಜನರೇಶನ್ ಅಂದರೆ ತಲೆಮಾರಿನದು. 4 ಜಿಬಿ ರ‍್ಯಾಮ್. 1 ಟಿಬಿಯ ಹಾರ್ಡ್ ಡಿಸ್ಕ್. ತಿರುಗಿಸಿ ನೋಡಿದರೆ ಹಿಂದಿನ ಮುಚ್ಚಳದ ಸ್ಕ್ರೂ ಗುಂಡಿಗಳಲ್ಲಿ ವರ್ಷಗಳ ಧೂಳು ಗಟ್ಟಿಯಾಗಿ ಹಾಗೇ ಕೂತಿದೆ. ಅಂಗಡಿಯವರು ಅದನ್ನು ತೆರೆದೇ ಇಲ್ಲ! ತೆರೆಯದೆಯೇ ಹೋಯ್ತು ಅಂದಿದ್ದಾರೆ. ನಾನು ತೆರೆದೆ. ಒಳಗೆ ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಇತ್ತು.

ಹಾರ್ಡ್ ಡಿಸ್ಕಿನ ಜಾಗಕ್ಕೆ ನನ್ನ ಹತ್ತಿರ ಇದ್ದ ಒಂದು ಹಳೆಯ 240 ಜಿಬಿ ಎಸ್‌ಎಸ್‌ಡಿ ಹಾಕಿ, ಹೊಸದಾಗಿ ವಿಂಡೋಸ್ ಹಾಕಿ ತೋರಿಸಿದೆ. ಇಪ್ಪತ್ತು ಸೆಕೆಂಡಿನೊಳಗೆ ಆನ್ ಆಯಿತು. ಅದನ್ನು ನೋಡಿ ಹುಡುಗಿ ಕೇಳಿದ್ದು ಒಂದೇ ಮಾತು: “ಹಾಗಾದರೆ ಅಂಗಡಿಯಲ್ಲಿ ಇದನ್ನು ಯಾಕೆ ಹೇಳಲಿಲ್ಲ ಆಂಟಿ?” ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ.

ನಾನು ಆಫೀಸಿನಲ್ಲಿ ದಿನವಿಡೀ ಮಾಡುವ ಕೆಲಸ ಇದೇ, ನಿಮಗೆಲ್ಲ ಗೊತ್ತು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಅಂದರೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಒಂದು ಮುಳ್ಳು. ಲ್ಯಾಪ್‌ಟಾಪಿನದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಒಂದು ಚಿಕ್ಕ ಫೈಲ್ ಬೇಕಾದರೂ ಮುಳ್ಳು ಸರಿಯಬೇಕು, ತಟ್ಟೆ ತಿರುಗಿ ಆ ಜಾಗ ಬರಬೇಕು. ಪ್ರತಿ ಸಲವೂ ಹತ್ತು ಮಿಲಿಸೆಕೆಂಡಿನ ಮೇಲೆ ಹೋಗುತ್ತದೆ. ವಿಂಡೋಸ್ ಆನ್ ಆಗುವಾಗ ಇಂಥ ಸಾವಿರಾರು ಚಿಕ್ಕ ಫೈಲ್ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ಬರೀ ಚಿಪ್‌ಗಳು, ತಿರುಗುವುದು ಏನೂ ಇಲ್ಲ. ಅದೇ ಕೆಲಸ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿಯುತ್ತದೆ. ಮೂಲ ವ್ಯತ್ಯಾಸ ಇದು.

ಇದರ ಮೇಲೆ 4 ಜಿಬಿ ರ‍್ಯಾಮ್ ಸೇರಿದರೆ ಕಷ್ಟ ಎರಡು ಪಟ್ಟು. ಶೆಟ್ರಿಗೆ ಹೀಗೆ ಹೇಳಿದೆ: ಅಡುಗೆಮನೆಯ ಕಟ್ಟೆ ಚಿಕ್ಕದಾಗಿದ್ದರೆ ಪ್ರತಿ ಪಾತ್ರೆಯನ್ನೂ ಗೋಡೌನಿಗೆ ಇಟ್ಟು ಬಂದು ಮತ್ತೆ ತರಬೇಕಾಗುತ್ತದೆ ಅಲ್ವಾ, ಹಾಗೆ. ರ‍್ಯಾಮ್ ಸಾಲದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೆ ಬರೆದು ಬೇಕಾದಾಗ ವಾಪಸ್ ಓದುತ್ತದೆ. ಆ ಡಿಸ್ಕೇ ನಿಧಾನ ಇದ್ದರೆ ಇಡೀ ಮೆಷಿನ್ ನಿಂತ ಹಾಗೆ ಆಗುತ್ತದೆ. ಆಗ ನೋಡಿದವರಿಗೆ ಕಂಪ್ಯೂಟರ್ ಮುದಿಯಾಯಿತು ಅನಿಸುತ್ತದೆ. ಮುದಿಯಾಗಿಲ್ಲ. 2018ರ ಹೊತ್ತಿನಲ್ಲಿ ಒಳ್ಳೆಯ ಪ್ರೊಸೆಸರ್ ಹಾಕಿ, ಜೊತೆಗೆ 4 ಜಿಬಿ ಮತ್ತು ಹಾರ್ಡ್ ಡಿಸ್ಕ್ ಇಟ್ಟು ಮಾರಿದ ಲ್ಯಾಪ್‌ಟಾಪುಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಅವನ್ನೇ ಈಗ ಹೋಯ್ತು, ಹೋಯ್ತು ಅನ್ನುತ್ತಿದ್ದಾರೆ.

ಇನ್ನೊಂದು ಹೆದರಿಕೆ ಹಾಕಿದ್ದಾರೆ. “ವಿಂಡೋಸ್ 10 ಬಂದ್ ಆಯ್ತಂತೆ, ಇದರಲ್ಲಿ 11 ಬರುವುದಿಲ್ಲವಂತೆ.” ಅರ್ಧ ಸತ್ಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಹೆಸರು ನೋಂದಾಯಿಸಿದವರಿಗೆ ಇನ್ನೂ ಒಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದ್ದೂ ನಿಜ. ಅದನ್ನು ಯಾರೂ ಹೇಳುವುದಿಲ್ಲ. ಅದಿರಲಿ, 11 ಬರಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚೂಕಮ್ಮಿ 8ನೇ ಜನರೇಶನ್‌ನಿಂದ ಮೇಲೆ, ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯಲ್ಲಿ ಹೆಚ್ಚೂಕಮ್ಮಿ ರೈಜನ್ 2000 ಸರಣಿಯಿಂದ ಮೇಲೆ ಇರಬೇಕು. ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಸೌಲಭ್ಯ. ಈ ಹುಡುಗಿಯ ಲ್ಯಾಪ್‌ಟಾಪ್ 8ನೇ ಜನರೇಶನ್ನೇ! ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಪುಕ್ಕಟೆ ಸಿಗುತ್ತದೆ. ಅದನ್ನು ಓಡಿಸಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇರುವವರು ಇನ್ನೊಂದು ನೋಡಿ. ಎಷ್ಟೋ ಸಲ ಟಿಪಿಎಂ ಇದ್ದೇ ಇರುತ್ತದೆ, ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಆಯಿತು.

7ನೇ ಜನರೇಶನ್ ಅಥವಾ ಅದಕ್ಕಿಂತ ಹಳೆಯದಾದರೂ ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ. ಬ್ರೌಸರ್, ಲಿಬ್ರೆ ಆಫೀಸ್, ವಿಡಿಯೊ ಎಲ್ಲಾ ಚೆನ್ನಾಗಿ ನಡೆಯುತ್ತದೆ. ಟ್ಯಾಲಿ ಬೇಕೇ ಬೇಕು ಅನ್ನುವವರಿಗೆ ಮಾತ್ರ ಇದು ಹೊಂದುವುದಿಲ್ಲ.

ಈಗ ಆ ಕೊಟೇಶನ್ನಿಗೆ ಬರುತ್ತೇನೆ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಅಲ್ಲಿ. ಅರವತ್ತು ಸಾವಿರ ಕೊಟ್ಟರೆ ಸಿಗುವುದು 8 ಜಿಬಿ ರ‍್ಯಾಮ್, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು. ಅಂದರೆ ಮುಂದೆ ಸಾಲದೆ ಹೋದರೆ ಹೆಚ್ಚಿಸಲು ದಾರಿಯೇ ಇಲ್ಲ. ಇವತ್ತಿನ ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪುಗಳ ಕಥೆ ಇದು. ಎಲ್‌ಪಿಡಿಡಿಆರ್5 ಅಂತ ರ‍್ಯಾಮಿನ ಬಗೆ ಬರೆದಿದ್ದರೆ ಹೆಚ್ಚಿನ ಸಲ ಬೆಸುಗೆಯದ್ದೇ ಅಂತ ತಿಳಿದುಕೊಳ್ಳಿ. ಆ್ಯಪಲ್ ಕೂಡ 2024ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಏರ್‌ನ ಆರಂಭದ ಮಾಡೆಲ್ಲಿಗೇ 16 ಜಿಬಿ ಮಾಡಿತು. ಹೆಚ್ಚಿಸಲಾಗದ ಮೆಷಿನ್ ತೆಗೆದುಕೊಳ್ಳುವುದಾದರೆ 16ಕ್ಕಿಂತ ಕಡಿಮೆ ಬೇಡವೇ ಬೇಡ. ಸ್ಲಾಟ್ ಇದ್ದರೆ 8ರಲ್ಲಿ ಶುರು ಮಾಡಬಹುದು. ಈ ಒಂದು ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿ: “ಇದರಲ್ಲಿ ರ‍್ಯಾಮ್ ಸ್ಲಾಟ್ ಎಷ್ಟಿದೆ, ಎಷ್ಟು ಖಾಲಿ ಇದೆ?” ಅವರು ಪ್ರೊಸೆಸರ್ ಬಗ್ಗೆ ಮಾತು ತಿರುಗಿಸಿದರೆ ಅಲ್ಲಿಂದ ಹೊರಡಿ.

ಪ್ರೊಸೆಸರ್ ಸ್ಟಿಕ್ಕರ್ ತೋರಿಸಿ ಮರುಳು ಮಾಡುವುದಂತೂ ನನಗೆ ಸಹಿಸಲಿಕ್ಕೇ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರುವವರು “ಐ7 ಇದೆ, ಐ7” ಅಂತ ಕೂಗುತ್ತಾರೆ. ಯಾವ ಐ7? ಐ7-7500ಯು ಆದರೆ ಅದರಲ್ಲಿ ಇರುವುದು ಎರಡೇ ಕೋರ್ (ಕೆಲಸ ಮಾಡುವ ಘಟಕ), ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. 12ನೇ ಜನರೇಶನ್ನಿನ ಐ3-1215ಯುನಲ್ಲಿ ಆರು ಕೋರ್. ಹೆಸರಿನಲ್ಲಿ ಚಿಕ್ಕದು, ಕೆಲಸದಲ್ಲಿ ತುಂಬಾ ಮುಂದೆ. ಎಎಂಡಿಯಲ್ಲೂ ಹೀಗೇ. ರೈಜನ್ 5 7520ಯು ಅಂತ ನೋಡಿ 7000 ಸರಣಿ, ಹೊಸದು ಅಂದುಕೊಳ್ಳುತ್ತಾರೆ. ಆ ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು. 2 ಇದ್ದರೆ ಒಳಗಿನದು ಹಳೆಯ ಜೆನ್ 2 ವಿನ್ಯಾಸ, 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. ಇದನ್ನೆಲ್ಲ ಗಿರಾಕಿ ಯಾಕೆ ಬಾಯಿಪಾಠ ಮಾಡಬೇಕು ಅಂತ ನನಗೂ ಅನಿಸುತ್ತದೆ. ಆದರೆ ಮಾರುವವರು ಹೇಳದಿದ್ದರೆ ಇನ್ನೇನು ಮಾಡುವುದು?

ಹೀಗೆ ಬರೆದಾಗಲೆಲ್ಲ ಯಾರಾದರೂ ಹೇಳುತ್ತಾರೆ: ನಿಮಗೆ ಗೊತ್ತಿದೆ, ನೀವು ಬಿಚ್ಚುತ್ತೀರಿ, ಗೊತ್ತಿಲ್ಲದವರಿಗೆ ಹೊಸದೇ ನೆಮ್ಮದಿ, ವಾರಂಟಿ ಇರುತ್ತದೆ ಅಂತ. ಹಿಂಜ್ ಮುರಿದಿದೆ, ಬೋರ್ಡೇ ಸುಟ್ಟಿದೆ, ಅಥವಾ ಮಗ ಆರ್ಕಿಟೆಕ್ಚರ್ ಓದುತ್ತಿದ್ದಾನೆ, ವಿಡಿಯೊ ಎಡಿಟಿಂಗ್ ಮಾಡುತ್ತಾನೆ ಅಂದರೆ ಒಪ್ಪುತ್ತೇನೆ, ಹೊಸದು ತಗೊಳ್ಳಿ. ಉಳಿದವರ ವಿಷಯದಲ್ಲಿ ಒಪ್ಪಲ್ಲ. ಗೊತ್ತಿಲ್ಲದವರು ಹೊಸದು ಕೊಳ್ಳುವಾಗಲೂ ಗೊತ್ತಿಲ್ಲದೆಯೇ ಕೊಳ್ಳುತ್ತಾರೆ. 8 ಜಿಬಿ ಬೆಸುಗೆಯದ್ದು ತಂದು ನಾಲ್ಕು ವರ್ಷಕ್ಕೆ ಮತ್ತೆ ಅದೇ ಅಂಗಡಿಗೆ ಹೋಗುತ್ತಾರೆ. ಎಸ್‌ಎಸ್‌ಡಿಗೂ ಮೂರು ವರ್ಷ, ಕೆಲವಕ್ಕೆ ಐದು ವರ್ಷ ವಾರಂಟಿ ಇದೆಯಲ್ಲ!

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ನಮ್ಮ ಅಪ್ಪ ಊರಿನಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ನನಗೆ ಮೊದಲ ಕಂಪ್ಯೂಟರ್ ಕೊಡಿಸಲು ಚೀಟಿ ಎತ್ತಿದರು. ಎಷ್ಟು ಹಣ ಹೋಯಿತು ಅಂತ ನನ್ನ ಮುಂದೆ ಯಾವತ್ತೂ ಬಾಯಿಬಿಡಲಿಲ್ಲ. ಇವತ್ತು ಶೆಟ್ರು ಕೊಟೇಶನ್ ಮಡಚಿ ಶರ್ಟಿನ ಜೇಬಿಗೆ ಇಟ್ಟುಕೊಂಡಾಗ ಅಪ್ಪನೇ ಕಂಡ ಹಾಗಾಯಿತು. ಮಗಳ ಓದು ಅಂದರೆ ಇವರು ಚೌಕಾಸಿ ಮಾಡುವುದಿಲ್ಲ. ಅದು ಮಾರುವವರಿಗೆ ಚೆನ್ನಾಗಿ ಗೊತ್ತು.

ಶೆಟ್ರಿಗೆ ನಾನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. 500 ಜಿಬಿ ಆಸುಪಾಸಿನದು ಮನೆಗೆ ಸಾಕು. ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ 2.5 ಇಂಚಿನ, ಸಾಟಾ ಅನ್ನುವ ಬಗೆಯ ಎಸ್‌ಎಸ್‌ಡಿ ಸರಿಯಾಗಿ ಕೂರುತ್ತದೆ. ಬೋರ್ಡಿನಲ್ಲಿ ಎಂ.2 ಅನ್ನುವ ಚಿಕ್ಕ ಸ್ಲಾಟ್ ಇದ್ದರೆ ಅದು ಇನ್ನೂ ವೇಗದ ಬಗೆಯಾದ ಎನ್‌ವಿಎಂಇ ತೆಗೆದುಕೊಳ್ಳುತ್ತದೋ ಬರೀ ಸಾಟಾನೋ ಅಂತ ಮಾಡೆಲ್ ನಂಬರ್ ಹಾಕಿ ಹುಡುಕಿ, ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಟಾ ಮಾತ್ರ. ಸೆಕೆಂಡಿಗೆ 550 ಎಂಬಿಯ ಸಾಟಾ, 3500 ಎಂಬಿಯ ಎನ್‌ವಿಎಂಇ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಎಕ್ಸೆಲ್ ತೆರೆಯುವವರಿಗೆ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ತೆಗೆದ ಹಾರ್ಡ್ ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ, ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಆಧಾರ್, ಪ್ಯಾನ್, ಫೋಟೊ ಎಲ್ಲ ಇರುತ್ತದೆ.

ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿದೆ. ಆದರೂ ಎರಡೂ ಸೇರಿ ಆ ಕೊಟೇಶನ್ನಿನ ಹತ್ತಿರಕ್ಕೂ ಹೋಗುವುದಿಲ್ಲ. ರ‍್ಯಾಮ್ ಮಾತ್ರ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಸುಲಭಕ್ಕೆ ಕೆಡುವ ವಸ್ತು ಅಲ್ಲ. ಹಾಕಿದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂತ ರ‍್ಯಾಮಿನ ಬಗೆಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ನೋಡಿ ತನ್ನಿ.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡ್ ಇದೆ. ನಾಲ್ಕು ಅಂಗಡಿ ಕೇಳಿ. ಅಲ್ಲಿ ಪ್ರಾಮಾಣಿಕರೂ ಬೇಕಾದಷ್ಟಿದ್ದಾರೆ. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ, ಅಲ್ಲೇ ನಿಂತು ಕಂಪನಿಯ ಸೈಟಿನಲ್ಲಿ ವಾರಂಟಿ ನೋಡಿ. ಬೇರೆ ಲ್ಯಾಪ್‌ಟಾಪ್ ಬೇಕೇ ಬೇಕು, ಹಣ ಕಡಿಮೆ ಇದೆ ಅಂದರೆ ಆಫೀಸುಗಳಿಂದ ವಾಪಸ್ ಬಂದ ಮೆಷಿನ್ ನೋಡಿ. ಥಿಂಕ್‌ಪ್ಯಾಡ್ ಟಿ480 ನನಗೆ ತುಂಬಾ ಇಷ್ಟ. ಎರಡು ರ‍್ಯಾಮ್ ಸ್ಲಾಟ್, ಹೆಚ್ಚಿನವು 8ನೇ ಜನರೇಶನ್, ಗಟ್ಟಿ ಕೀಬೋರ್ಡ್.

ಹೋಟೆಲಿನವರಿಗೆ ಒಂದು ಮಾತು. ಬಿಲ್ಲಿಂಗ್ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದೆ, ಬ್ಯಾಂಕಿನ ಸೈಟ್ ತೆರೆಯುವುದಿಲ್ಲ ಅಂದರೆ ಮದರ್‌ಬೋರ್ಡ್ ಹೋಯ್ತು ಅನ್ನುವವರು ಸಿಗುತ್ತಾರೆ. ಹೆಚ್ಚಿನ ಸಲ ಮುಗಿದಿರುವುದು ತಾರೀಕು ಉಳಿಸುವ, ಸಿಆರ್2032 ಅನ್ನುವ ನಾಣ್ಯದ ಹಾಗಿರುವ ಸೆಲ್. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಘಾಟ್ಕೋಪರಿನಲ್ಲಿ ಒಬ್ಬರಿಗೆ ಇದೇ ಕಾರಣಕ್ಕೆ ಹೊಸ ಮೆಷಿನ್ ಮಾರಿದ್ದರು. ಅಲ್ಲೂ ಕ್ಯಾಬಿನೆಟ್ ತೆರೆದಿರಲಿಲ್ಲ! ಅಡುಗೆಮನೆ ಹತ್ತಿರ ಇಟ್ಟ ಕಂಪ್ಯೂಟರಿನ ಫ್ಯಾನಿಗೆ ಎಣ್ಣೆ ಜಿಡ್ಡು, ಮಳೆಗಾಲದ ತೇವ, ಧೂಳು ಎಲ್ಲಾ ಸೇರಿ ಅಂಟುತ್ತದೆ. ಬಿಸಿಯಾದಾಗ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಸ್ವಚ್ಛ ಮಾಡಿಸಿ, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ.

ಸಂಘದ ವರದಿ, ತಾಳಮದ್ದಳೆಯ ಅರ್ಥ ಎಲ್ಲ ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿರುವ ಹಿರಿಯರು ಇದನ್ನು ಓದುತ್ತಿದ್ದರೆ, ಫಾರ್ಮ್ಯಾಟ್ ಮಾಡಲು ಕೊಡುವ ಮೊದಲು ಆ ಫೈಲುಗಳನ್ನು ಎಲ್ಲಾ ಮೆಷಿನ್ನಿನಲ್ಲೂ ಓದಬಹುದಾದ ಯುನಿಕೋಡಿಗೆ ಬದಲಿಸಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಹಳೆಯ ಫಾಂಟ್ ಇಲ್ಲದ ಮೆಷಿನ್ನಿನಲ್ಲಿ ಅವು ಬರೀ ಚಿಹ್ನೆಗಳಾಗಿ ಕಾಣುತ್ತವೆ. ಇನ್ನು ಮುಂದೆ ಟೈಪ್ ಮಾಡಲು ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಸೇರಿಸಿದರೆ ಆಯಿತು.

ಯಾರಿಗಾದರೂ ಕಂಪ್ಯೂಟರ್ ಹೋಯ್ತು ಅಂತ ಹೇಳಿದ್ದಾರೆ ಅಂದರೆ ಅಡ್ವಾನ್ಸ್ ಕೊಡುವ ಮೊದಲು ನನಗೆ ಎರಡು ಫೋಟೊ ಕಳಿಸಿ. ಒಂದು, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದ್ದು. ಇನ್ನೊಂದು, ಲ್ಯಾಪ್‌ಟಾಪಿನ ಹಿಂದಿರುವ ಮಾಡೆಲ್ ನಂಬರಿನದು. ಭಾನುವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರುತ್ತೇನೆ, ಠಾಣೆ, ಮುಲುಂಡ್ ಕಡೆಯವರು ನೇರ ಬಂದರೂ ಸರಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ನನಗಾಗಿ ಕಾಯಬೇಡಿ. ಚಾರ್ಜಿಗೆ ಹಾಕುವುದನ್ನು ಈಗಲೇ ನಿಲ್ಲಿಸಿ, ನಾಳೆಯೇ ಸರ್ವಿಸ್ ಸೆಂಟರಿಗೆ ಕೊಡಿ.