ಎಂಪಿಯನ್ನು ನಾವು ಏನಂತ ಕೇಳಬೇಕು?

ಎಲೆಕ್ಷನ್ ಬಂತು ಅಂದರೆ ನಮ್ಮ ಕೊಡಗಿನಲ್ಲಿ ಎಂಪಿ ಬಗ್ಗೆ ಎರಡೇ ಮಾತು. ಈ ಕಡೆ ತಲೆ ಹಾಕಿದ್ರಾ? ರೋಡಿಗೆ ದುಡ್ಡು ಕೊಟ್ರಾ? ಮದುವೆಗೆ ಬಂದು ಅಕ್ಷತೆ ಹಾಕಿದ್ದರಂತೂ ಆ ಮನೆಯ ಓಟು ಗ್ಯಾರಂಟಿ. ಪಾರ್ಲಿಮೆಂಟಿನಲ್ಲಿ ಬಾಯಿ ಬಿಟ್ರಾ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಎಂಪಿಗೆ ವರ್ಷಕ್ಕೆ 5 ಕೋಟಿಯ ನಿಧಿ ಇದೆ, ನಿಜ. ಅದರಲ್ಲಿ ಕಟ್ಟಿದ ಬಸ್ ತಂಗುದಾಣ ನಮ್ಮ ಕಡೆಯೂ ಒಂದಿದೆ. ಊರಿನ ಹೆಸರಿಗಿಂತ 'ಸಂಸದರ ಅನುದಾನ' ಅನ್ನುವ ಅಕ್ಷರವೇ ದಪ್ಪ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಅಡ್ಡ ಹೊಡೆದರೆ ಒಳಗೆ ನಿಂತವರೂ ಕೊಡೆ ಬಿಡಿಸಬೇಕು. ಇರಲಿ. ತಂಗುದಾಣ ಪಂಚಾಯಿತಿಯವರೂ ಕಟ್ಟಿಸಬಹುದು. ಕಾನೂನು ಮಾಡುವುದು, ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಮಂತ್ರಿಯನ್ನು ನಿಲ್ಲಿಸಿ ಲೆಕ್ಕ ಕೇಳುವುದು ಅವರಿಂದ ಆಗುತ್ತಾ?

ಪಾರ್ಲಿಮೆಂಟಿನ ಕೈ ಎಷ್ಟು ಉದ್ದ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1952ರಲ್ಲಿ ಕೊಡಗು ಒಂದು ರಾಜ್ಯ. ನಮ್ಮದೇ ವಿಧಾನಸಭೆ, 24 ಶಾಸಕರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಲೋಕಸಭೆಗೆ ನಮ್ಮದೇ ಒಬ್ಬ ಎಂಪಿ. 1956ರಲ್ಲಿ ಪಾರ್ಲಿಮೆಂಟ್ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಪಾಸು ಮಾಡಿತು. ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದ ಒಂದು ಜಿಲ್ಲೆ. ಇವತ್ತಿಗೂ ಅಷ್ಟೇ: ಒಂದು ರಾಜ್ಯದ ಗಡಿ ಬದಲಿಸಲು ಅಲ್ಲಿನ ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. (ವಿಲೀನ ಸರಿಯೋ ತಪ್ಪೋ ಅನ್ನುವ ಜಗಳ ಕಾಮೆಂಟಿನಲ್ಲಿ ಬೇಡ, ಶುರುವಾದರೆ ಬೆಳಗಾದರೂ ಮುಗಿಯಲ್ಲ.) ಈಗ ಮೈಸೂರು-ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ.

ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವಲ್ಲ, ಆ ಕೋವಿಯ ಕಥೆಯೂ ಪಾರ್ಲಿಮೆಂಟಿಗೇ ಹೋಗಿ ಮುಟ್ಟುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಇರುವುದರಿಂದಲೇ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಕೊಡಲು ಸಾಧ್ಯವಾಗಿದ್ದು. 2019ರ ಆದೇಶದ ಅವಧಿ 2029ಕ್ಕೆ ಮುಗಿಯುತ್ತದೆ. ಆಮೇಲೇನು ಅಂತ ಯಾರಾದರೂ ಈಗಲೇ ಕೇಳಬೇಕಲ್ವಾ?

'ಎಂಪಿ ಒಬ್ಬರು ಏನು ಮಾಡ್ತಾರೆ, ಪಕ್ಷ ಹೇಳಿದ ಹಾಗೆ ಕೈ ಎತ್ತಬೇಕು' ಅನ್ನುವವರಿದ್ದಾರೆ. ಓಟಿನ ಮಟ್ಟಿಗೆ ಅದು ಸರಿಯೇ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್, ಅಂದರೆ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಚರ್ಚೆಯ ಗತಿಯೂ ನೋಡಿದ್ದೇವೆ. 2021ರ ನವೆಂಬರ್ 29ರಂದು ಮೂರು ಕೃಷಿ ಕಾಯ್ದೆ ವಾಪಸ್ ಪಡೆಯುವ ಮಸೂದೆ ಲೋಕಸಭೆಯಲ್ಲಿ ಕೆಲವೇ ನಿಮಿಷದಲ್ಲಿ, ಚರ್ಚೆಯೇ ಇಲ್ಲದೆ ಪಾಸಾಯಿತು. ವರ್ಷವಿಡೀ ರೈತರು ಬೀದಿಯಲ್ಲಿ ಕೂತ ವಿಷಯ ಅದು! ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದು ನನಗೆ ಸಿಟ್ಟು ಬರಿಸುವ ಸಂಗತಿ.

ಆದರೆ ಪ್ರಶ್ನೆ ಕೇಳಬೇಡಿ ಅಂತ ಪಕ್ಷಾಂತರ ನಿಷೇಧ ಕಾಯ್ದೆ ಎಲ್ಲೂ ಹೇಳಿಲ್ಲ. ಲೋಕಸಭೆಯ ದಿನ ಶುರುವಾಗುವುದೇ ಪ್ರಶ್ನೋತ್ತರ ಅವಧಿಯಿಂದ. ದಿನಕ್ಕೆ 20 ನಕ್ಷತ್ರ ಗುರುತಿನ ಪ್ರಶ್ನೆ. ಅದಕ್ಕೆ ಮಂತ್ರಿಯೇ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಸಿಕ್ಕಿಕೊಳ್ಳಬೇಕು. ಯಾವ ಎಂಪಿ ಏನು ಕೇಳಿದರು ಅನ್ನುವುದು ಸಂಸತ್ತಿನ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸಿನಲ್ಲೇ ಬರುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಬೇಕು. ನಾನು ಎಂಪಿ ಆಫೀಸಿಗೆ ಒಂದು ಪತ್ರ ಬರೆಯುತ್ತಿದ್ದೇನೆ: ಕೊಡಗಿನ ಕಾಡಂಚಿನಲ್ಲಿ ಆನೆ ತಡೆಯುವ ರೈಲ್ವೆ ಹಳಿಯ ಬೇಲಿ ಎಷ್ಟು ಕಿಲೋಮೀಟರ್ ಆಗಿದೆ, ಇನ್ನೆಷ್ಟು ಬಾಕಿ, ಅದರಲ್ಲಿ ಕೇಂದ್ರದ ದುಡ್ಡು ಎಷ್ಟು? ತೋಟದ ಕೆಲಸಕ್ಕೆ ಹೋಗಿ ಆನೆ ತುಳಿತಕ್ಕೆ ಸತ್ತವರ ಮನೆಯವರಿಗೆ ಪರಿಹಾರ ಎಷ್ಟು ದಿನಕ್ಕೆ ಸಿಗುತ್ತಿದೆ? ಇನ್ನೇನು ಸೇರಿಸಬೇಕು ಹೇಳಿ.