ಮೊಣಕಾಲೆತ್ತರದ ಬೆಂಕಿ

2012ರ ಬೇಸಿಗೆಯಲ್ಲಿ ನಾಗರಹೊಳೆಗೆ ಬೆಂಕಿ ಬಿದ್ದಾಗ ನಾವು ಮೂರು ರಾತ್ರಿ ತೋಟದ ಅಂಚಿನಲ್ಲೇ ಕಳೆದೆವು. ಹೂ ಬಿಟ್ಟು ಸತ್ತ ಬಿದಿರು ಮೆಳೆಮೆಳೆಯಾಗಿ ಒಣಗಿ ನಿಂತಿತ್ತು. ಅದರ ಗೆಣ್ಣು ಒಡೆಯುವ ಸದ್ದು ಕೋವಿ ಹಾರಿಸಿದ ಹಾಗೆ ಕೇಳುತ್ತಿತ್ತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದೂ ಬಡಿದೂ ಕೈಯೆಲ್ಲ ಬೊಬ್ಬೆ. ಬೆಳಗಿನ ಜಾವ ಆನೆ ಕಂದಕದ ಏರಿ ಮೇಲೆ ಸುಮ್ಮನೆ ಕೂತಿದ್ದೆವು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಜೇನುಕುರುಬರ ಅಜ್ಜ ಒಬ್ಬರು ಹೇಳಿದರು: “ನಾವು ಹುಡುಗರಾಗಿದ್ದಾಗ ಬೆಂಕಿ ಮೊಣಕಾಲು ದಾಟ್ತಿರ್ಲಿಲ್ಲ ಅಯ್ಯಾ. ಈಗ ಮರ ಹತ್ತುತ್ತೆ.”

ಆ ಮಾತು ಪೂರ್ತಿ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.

ಬೆಂಕಿ ಕಾಡಿನ ಶತ್ರು ಎಂದು ಶಾಲೆಯಲ್ಲಿ ಕಲಿತವರು ನಾವು. ಈಗ ಆ ಮಾತನ್ನು ಹಾಗೇ ಒಪ್ಪಲು ನನಗೆ ಆಗುವುದಿಲ್ಲ. ಯಾವ ಕಾಡು, ಯಾವ ತಿಂಗಳು, ಎಷ್ಟೆತ್ತರದ ಬೆಂಕಿ? ಇದನ್ನು ಮೊದಲು ಕೇಳಬೇಕು.

ನಮ್ಮ ಕೊಡಗನ್ನೇ ನೋಡಿ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿ.ಮೀ. ದಾಟಿ ಮಳೆ ಸುರಿಯುವುದುಂಟು. ಕುಶಾಲನಗರಕ್ಕೆ ಬಂದರೆ ಸಾವಿರದ ಆಸುಪಾಸು. ಪಡುವಣದ ಕಾಡಿನಲ್ಲಿ ಧೂಪ, ಬಲಗಿ, ನಾಗಸಂಪಿಗೆ. ಅಲ್ಲಿ ನೆಲ ಬೇಸಿಗೆಯಲ್ಲೂ ತಂಪು. ಬೆಂಕಿ ಕಂಡು ಅಭ್ಯಾಸವಿಲ್ಲದ ಕಾಡು ಅದು. ಒಮ್ಮೆ ಸುಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಚೇತರಿಸಿಕೊಳ್ಳುವುದು ಕಷ್ಟ. ಅಲ್ಲಿಗೆ, ನಮ್ಮ ದೇವರಕಾಡುಗಳಿಗೆ, ಎತ್ತರದ ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡಿಗೆ ಬೆಂಕಿ ಹೋಗಲೇಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಾಗರಹೊಳೆ ಕಡೆಯದು ಎಲೆ ಉದುರುವ ಕಾಡು. ಅಲ್ಲಿ ಒಂದು ಮತ್ತಿ ಮರದ ಮುಂದೆ ನಿಂತು ತೊಗಟೆ ಮುಟ್ಟಿ ನೋಡಿ. ಮೊಸಳೆ ಚರ್ಮದ ಹಾಗೆ ಗಡುಸು, ದಪ್ಪ. ಕವಲು ಮರದ್ದೂ ಅಷ್ಟೇ. ತೆಳ್ಳಗಿನ ಬೆಂಕಿ ಬುಡದಲ್ಲಿ ಹಾದು ಹೋದರೆ ಒಳಗಿನ ಜೀವಕ್ಕೆ ಬಿಸಿ ತಟ್ಟುವುದಿಲ್ಲ. ಬರೀ ತರಗೆಲೆ ಸುಡುವಾಗ ಮಣ್ಣಿನೊಳಗೆ ನಾಲ್ಕು ಬೆರಳು ಕೆಳಗೆ ತಂಪಾಗಿಯೇ ಇರುತ್ತದೆ. ಗೆಡ್ಡೆ, ಬೇರು ಉಳಿಯುತ್ತವೆ. ಹುಲ್ಲಿನ ಚಿಗುರು ಹೊರಡುವುದು ಬುಡದಿಂದ, ಹಾಗಾಗಿ ಮೊದಲ ಮಳೆಗೇ ಹಸಿರು. ಬೂದಿಯಿಂದ ಪೊಟ್ಯಾಶ್, ಸುಣ್ಣ, ರಂಜಕ ಮಣ್ಣಿಗೆ ಸೇರುತ್ತವೆ. ಸಾರಜನಕ ಮಾತ್ರ ಹೊಗೆಯ ಜೊತೆ ಹೋಗಿಬಿಡುತ್ತದೆ. ಅದಕ್ಕೇ ಪ್ರತಿ ವರ್ಷ ಅದೇ ಜಾಗ ಸುಟ್ಟರೆ ಮಣ್ಣು ಸೊರಗುತ್ತದೆ. ತೇಗದ ಬೀಜದ ಗಟ್ಟಿ ಸಿಪ್ಪೆಗೆ ಬಿಸಿ ತಾಗಿದರೆ ಮೊಳಕೆ ಸುಲಭ. ಹೊಸ ಹುಲ್ಲಿಗೆ ಜಿಂಕೆ, ಕಾಟಿ ಬರುತ್ತವೆ. ಅವುಗಳ ಹಿಂದೆ ಹುಲಿಯೂ ಬರುತ್ತದೆ, ಅಲ್ವಾ?

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಂಥ ತೆಳ್ಳಗಿನ ಬೆಂಕಿಗೆ ತರಗು ಬೆಂಕಿ ಅನ್ನುತ್ತಾರೆ. ಎಷ್ಟು ಸರಿಯಾದ ಹೆಸರು! ಬೇಸಿಗೆ ಶುರುವಿನಲ್ಲೇ, ನೆಲದಲ್ಲಿ ಇನ್ನೂ ಪಸೆ ಇರುವಾಗ, ತರಗು ಮಾತ್ರ ಸುಡುವಂತೆ ಹಚ್ಚುತ್ತಿದ್ದರು. ಹಾಗೆ ಹಚ್ಚುವುದು ನಿಂತ ಮೇಲೆ ಲಾಂಟಾನ ಪೊದೆ ಹಬ್ಬಿತು, ನೆಲ್ಲಿ ಮರದ ರಸ ಹೀರುವ ಬಂದಳಿಕೆ ಜಾಸ್ತಿಯಾಯಿತು ಎಂದು ಅವರು ಹೇಳಿದ್ದನ್ನು ಸಂಶೋಧಕರೂ ಬರೆದಿಟ್ಟಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಕಾಡು ಉಳಿಸುವ ಉದ್ದೇಶದಿಂದಲೇ ಮಾಡಿದ ಕಾನೂನು, ಸರಿ. ಆದರೆ ಒಳ್ಳೆ ಬೆಂಕಿಯನ್ನೂ ಕೆಟ್ಟ ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟೆವು.

ಅಮೆರಿಕದವರೂ ಹೀಗೇ ಮಾಡಿದ್ದರು. 1910ರ ದೊಡ್ಡ ಕಾಡ್ಗಿಚ್ಚಿಗೆ ಹೆದರಿ, 1935ರಲ್ಲಿ ಒಂದು ನಿಯಮ ತಂದರು. ಬೆಂಕಿ ಕಂಡ ಮರುದಿನ ಬೆಳಿಗ್ಗೆ ಹತ್ತರೊಳಗೆ ಆರಿಸಬೇಕು! ದಶಕಗಳ ಮೇಲೆ ನೋಡಿದರೆ ದೈತ್ಯ ಸಿಕೋಯ ಮರದ ಕೆಳಗೆ ಸಸಿಯೇ ಇಲ್ಲ. ಅದರ ಕಾಯಿ ಬಾಯಿ ಬಿಡಲು ಬೆಂಕಿಯ ಬಿಸಿ ಬೇಕು, ಬೀಜ ಮೊಳೆಯಲು ಬೋಳು ಮಣ್ಣು ಬೇಕು. 1968ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ನೀತಿ ಬದಲಿಸಿದವು.

ನಮ್ಮ ಕಥೆಗೆ ಲಾಂಟಾನ ಇನ್ನೊಂದು ತಿರುವು ಕೊಟ್ಟಿದೆ. ಅಂದಕ್ಕೆಂದು ಹೊರದೇಶದಿಂದ ತಂದ ಗಿಡ ಈಗ ಆಳೆತ್ತರ ಬೆಳೆದು ಮರಕ್ಕೆ ಹಬ್ಬಿದೆ. ನೆಲದ ಬೆಂಕಿಗೆ ಅದೇ ಏಣಿ. ಅಜ್ಜ ಹೇಳಿದ “ಮರ ಹತ್ತುತ್ತೆ” ಇದೇ. ಸುಟ್ಟ ಮೇಲೆ ಬುಡದಿಂದ ಮತ್ತೆ ಚಿಗುರಿ, ಖಾಲಿ ಜಾಗವನ್ನೂ ಅದೇ ತಿನ್ನುತ್ತದೆ. ಹಾಗಾಗಿ ಈಗ ಹೋಗಿ ಹಳೆಯ ಹಾಗೆ ಬೆಂಕಿ ಹಚ್ಚಿದರೆ ಕಾಡು ಉಳಿಯುವುದಿಲ್ಲ. ದಯವಿಟ್ಟು ಯಾರೂ ನನ್ನ ಬರಹ ಓದಿ ಕಡ್ಡಿ ಗೀರಬೇಡಿ. ಅದರಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಕಾಡುಕೋಳಿ, ನವಿಲು ನೆಲದಲ್ಲೇ ಮೊಟ್ಟೆ ಇಡುವ ಹೊತ್ತು.

ಮೊದಲು ಲಾಂಟಾನ ಕೀಳಬೇಕು. ಆಮೇಲೆ ಒಣಕಾಡಿನ ಸಣ್ಣ ತುಂಡುಗಳಲ್ಲಿ, ಅರಣ್ಯ ಇಲಾಖೆಯವರು, ವಿಜ್ಞಾನಿಗಳು, ಹಾಡಿಯ (ಕಾಡಂಚಿನ ಬುಡಕಟ್ಟು ಊರಿನ) ಹಿರಿಯರು ಒಟ್ಟಿಗೆ ನಿಂತು, ಜನವರಿಯ ತಣ್ಣನೆ ಬೆಂಕಿಯನ್ನು ಪರೀಕ್ಷಿಸಿ ನೋಡಬೇಕು. ಹಿರಿಯರು ಆ ಗುಂಪಿನ ಮುಂದೆ ಇರಬೇಕು. ಬೆಂಕಿ ಬಿದ್ದ ತಕ್ಷಣ ಹಾಡಿಯವರ ಕಡೆ ಬೆರಳು ತೋರಿಸುವ ಚಾಳಿ ನನಗೆ ಬಹಳ ನೋವು ಕೊಡುತ್ತದೆ. ಬೇಸಿಗೆಯಲ್ಲಿ ಬೆಂಕಿ ದಾಟದಂತೆ ಗಿಡ, ತರಗು ತೆಗೆದು ಬೆಂಕಿ ರೇಖೆ ಕಡಿಯುವವರು ಅವರು, ಹೊಗೆ ಕುಡಿದು ಬೆಂಕಿ ಬಡಿಯುವವರೂ ಅವರೇ.

ನಮ್ಮ ತೋಟದ ಗಡಿಯಲ್ಲಿ, ಕಂದಕದ ಈಚೆ, ಲಾಂಟಾನ ದಟ್ಟವಾಗಿದೆ. ಈ ನವೆಂಬರಿಗೆ, ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವಾಗ, ಬುಡಸಮೇತ ಕೀಳಲು ಶುರು ಮಾಡುತ್ತೇವೆ. ಅಜ್ಜ ಈಗಿಲ್ಲ, ಅವರ ಮಗ ಬರುತ್ತೇನೆ ಅಂದಿದ್ದಾರೆ. ತಿತಿಮತಿ, ಬಾಳೆಲೆ ಕಡೆಯ ತೋಟದವರು ಸೇರುವುದಾದರೆ ಕೆಳಗೆ ಬರೆಯಿರಿ, ಕಾಫಿ ಕೊಯ್ಲಿಗೆ ಮುಂಚೆ ದಿನ ಗೊತ್ತು ಮಾಡೋಣ.