ಅಜ್ಜನ ಹಾಳೆ ಟೊಪ್ಪಿ, ಇಲ್ಲಿನ ಬಿಸಿಲು

ಹೋದ ನವೆಂಬರ್‌ನಲ್ಲಿ ನಮ್ಮ ಮೆಲ್ಬರ್ನ್ ಆಫೀಸಿನ ಗೆಳೆಯನೊಬ್ಬ ಮೊಲದ ಬೇಟೆಗೆ ಕರೆದ. ಬೆಂಡಿಗೋ ಕಡೆ ಅವನ ಮಾವನ ಕುರಿ ಫಾರ್ಮ್ ಇದೆ. ಕೋವಿ, ಲೈಸೆನ್ಸ್ ಎಲ್ಲ ಅವನದೇ, ನಾನು ಸುಮ್ನೆ ಜೊತೆಗೆ ಹೋದವನು. ಹೊರಡುವ ಮೊದಲು ಸನ್‌ಸ್ಕ್ರೀನ್ ಡಬ್ಬ ಮುಂದೆ ಹಿಡಿದ. ನಾನು ನನ್ನ ಕೈ ತೋರಿಸಿ, 'ಇದಕ್ಕೆ ಹುಟ್ಟುವಾಗಲೇ ಬಳಿದು ಕಳಿಸಿದ್ದಾರೆ' ಅಂತ ನಕ್ಕೆ.

ಅವತ್ತು ತೆಳು ಮೋಡ, ತಣ್ಣನೆ ಗಾಳಿ. ಬಿಸಿಲೇ ಇಲ್ಲ ಅನ್ನಿಸುವಂಥ ದಿನ. ತಲೆಗೆ ಕ್ರಿಕೆಟ್ ಕ್ಯಾಪ್ ಇತ್ತು. ಮಧ್ಯಾಹ್ನ ಎರಡರವರೆಗೂ ಮೊಲದ ಬಿಲಗಳ ಸುತ್ತ ಅಲೆದೆವು. ರಾತ್ರಿ ದಿಂಬಿಗೆ ಕಿವಿ ತಾಗಿಸಲು ಆಗಲಿಲ್ಲ. ವಾರದೊಳಗೆ ಕಿವಿಯ ತುದಿ, ಕತ್ತಿನ ಹಿಂಭಾಗ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ಸೆಕೆ ಬೇರೆ, ಯುವಿ ಅನ್ನುವ ಬಿಸಿಲಿನ ಅತಿನೇರಳೆ ಕಿರಣ ಬೇರೆ. ಮೈಗೆ ಬಿಸಿ ತಾಗದಿದ್ದರೂ ಚರ್ಮ ಸುಡುತ್ತದೆ. ಇಲ್ಲಿ ಹವಾಮಾನದ ಜೊತೆಗೆ ಯುವಿ ಸೂಚ್ಯಂಕವನ್ನೂ ಹೇಳುತ್ತಾರೆ. 3 ಮುಟ್ಟಿದರೆ ಮೈ ಮುಚ್ಚಿಕೊಳ್ಳಿ ಅನ್ನುತ್ತಾರೆ. ಬೇಸಿಗೆಯ ಬೆಂಗಳೂರಲ್ಲಿ ಅದು 11 ದಾಟುತ್ತದೆ, ನಾವು ಯಾವತ್ತಾದರೂ ನೋಡಿದ್ದೀವಾ?

ವಿಡಿಯೋ ಕಾಲ್‌ನಲ್ಲಿ ಅಮ್ಮ ನನ್ನ ಕಿವಿ ನೋಡಲೇ ಇಲ್ಲ. 'ಏನೋ, ಇಷ್ಟೊಂದು ಕಪ್ಪಾಗಿದೀಯ!' ಅಂದರು.

ನಮ್ಮಲ್ಲಿ ಬಿಸಿಲಿನ ಹೆದರಿಕೆ ಅಂದರೆ ಅದೇ. ಮದುವೆಗೆ ಇರುವ ಹುಡುಗಿ ಛತ್ರಿ ಹಿಡಿಯಬೇಕು, ಹುಡುಗ ಕ್ರಿಕೆಟ್ ಕಡಿಮೆ ಆಡಬೇಕು. ಅಂಗಡಿಯಲ್ಲಿ ಸನ್‌ಸ್ಕ್ರೀನ್ ಮಾರುವಾಗಲೂ ಬಿಳಿಯಾಗುವ ಆಸೆಯನ್ನೇ ಮೊದಲು ತೋರಿಸುತ್ತಾರೆ. ಇಲ್ಲಿನವರದು ಜೀವದ ಹೆದರಿಕೆ. 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುವ ದೇಶ ಇದು. 1859ರಲ್ಲಿ ಥಾಮಸ್ ಆಸ್ಟಿನ್ ಅನ್ನುವ ಜಮೀನ್ದಾರ ಬೇಟೆಯ ಮೋಜಿಗೆ ಇಂಗ್ಲೆಂಡಿನಿಂದ ಮೊಲ ತರಿಸಿ ನಾವಿರುವ ಈ ವಿಕ್ಟೋರಿಯ ರಾಜ್ಯದಲ್ಲೇ ಬಿಟ್ಟ. ಮೊಲವೂ ಅಲ್ಲಿಂದ ಬಂದದ್ದು, ಅದನ್ನು ಹೊಡೆಯುವವರ ಬಿಳಿ ತೊಗಲೂ ಅಲ್ಲಿಂದಲೇ ಬಂದದ್ದು. ಮೊಲ ಈ ಮಣ್ಣಿಗೆ ಹೊಂದಿಕೊಂಡಿತು, ತೊಗಲು ಹೊಂದಿಕೊಳ್ಳಲಿಲ್ಲ.

ಅದಕ್ಕೇ 1981ರಲ್ಲಿ ಟೀವಿಯಲ್ಲಿ ಕಾರ್ಟೂನ್ ಕಡಲಹಕ್ಕಿಯೊಂದರ ಕೈಲಿ ಹಾಡಿಸಿದರು: ಅಂಗಿ ತೊಡಿ, ಕ್ರೀಮ್ ಬಳಿಯಿರಿ, ಟೋಪಿ ಹಾಕಿ. ಅದರಲ್ಲೂ ಮೊದಲು ಬರುವುದು ಅಂಗಿ. ಇದು ಬೇಟೆಯವರಿಗೆ ಚೆನ್ನಾಗಿ ಅರ್ಥವಾಗಿದೆ, ಯಾಕೆಂದರೆ ಕ್ರೀಮ್ ಅವರಿಗೆ ಕಿರಿಕಿರಿ. ಜಿಂಕೆಯ ಮೂಗು ಚುರುಕು, ಗಮಗಮ ಅನ್ನುವ ಕ್ರೀಮ್ ಹಚ್ಚಿ ಹೋದರೆ ಬಾಲ ಕೂಡ ಕಾಣಿಸುವುದಿಲ್ಲ. ಬೆರಳಿಗೆ ಜಿಡ್ಡು ಇದ್ದರೆ ಕೋವಿ ಜಾರುತ್ತದೆ, ದುರ್ಬೀನಿನ ಗಾಜು ಮಸುಕಾಗುತ್ತದೆ. ಬೆವರಿನ ಜೊತೆ ಕಣ್ಣಿಗೆ ಇಳಿದರೆ ಗುರಿ ಮುಗಿದಂತೆ.

ನನ್ನ ಗೆಳೆಯನ ಕ್ರಮ ನೋಡಿ. ಒತ್ತಾಗಿ ನೇಯ್ದ ತುಂಬುತೋಳಿನ ಅಂಗಿ, ಕಾಲರ್ ಎತ್ತಿರುತ್ತಾನೆ. ಸುತ್ತಲೂ ಅಂಚಿರುವ ಟೋಪಿ. ಕತ್ತಿಗೆ ತೆಳು ಬಟ್ಟೆ, ಕೈಗೆ ಬೆರಳ ತುದಿ ಕತ್ತರಿಸಿದ ಗ್ಲೌಸ್. ವಾಸನೆಯಿಲ್ಲದ ಕ್ರೀಮನ್ನು ಹೊರಡುವ 20 ನಿಮಿಷ ಮೊದಲು ಕಿವಿ, ಮೂಗು, ಕೆನ್ನೆಗೆ ಮಾತ್ರ ದಪ್ಪಗೆ ಹಚ್ಚಿ, ಅಂಗೈಯನ್ನು ಹಳೇ ಬಟ್ಟೆಗೆ ತಿಕ್ಕಿ ಒರೆಸುತ್ತಾನೆ. ಆಮೇಲೇ ಕೋವಿ ಮುಟ್ಟುವುದು. ಎರಡು ಗಂಟೆಗೊಮ್ಮೆ ಮತ್ತೆ ಇದೇ ಪೂಜೆ. ನನ್ನ ಸವೆದ ಬಿಳಿ ಟೀಶರ್ಟನ್ನು ಬೆಳಕಿಗೆ ಹಿಡಿದು, 'ಇದರೊಳಗೆ ನೀನು ಕಾಣ್ತೀಯ, ಸೂರ್ಯನಿಗೂ ಕಾಣ್ತೀಯ' ಅಂದ. ಒದ್ದೆಯಾದರಂತೂ ಅಂಥ ಬಟ್ಟೆ ಇನ್ನೂ ಕಡೆ.

ನಮ್ಮಜ್ಜ ತೀರ್ಥಹಳ್ಳಿ ಕಡೆಯವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲಿನ ಶಿಕಾರಿಯ ಕತೆಗಳನ್ನು ಹೇಳುತ್ತಿದ್ದರು. ಅದರಲ್ಲಿ ಬಿಸಿಲಿನ ಮಾತೇ ಇರಲಿಲ್ಲ. ಮಲೆನಾಡಿನ ಕಾಡಲ್ಲಿ ಹಳು, ಅಂದರೆ ಪೊದೆ, ನುಗ್ಗುವವರಿಗೆ ತಲೆ ಮೇಲೆಲ್ಲ ನೆರಳು. ಅವರ ಗೋಳು ರಕ್ತ ಹೀರುವ ಉಂಬಳದ್ದು. ಬಿಸಿಲಿನ ಚಿಂತೆ ಇದ್ದದ್ದು ಗದ್ದೆಯಲ್ಲಿ. ಅಲ್ಲಿಗೆ ಅಡಿಕೆ ಹಾಳೆಯ ಟೊಪ್ಪಿ, ಹೆಗಲ ಮೇಲಿನ ಟವೆಲ್ ಇತ್ತು. ಹತ್ತೂವರೆ ಹನ್ನೊಂದಕ್ಕೆ ಮನೆಗೆ ಬಂದು ಉಂಡು, ಮತ್ತೆ ಇಳಿಹೊತ್ತಿಗೆ ಹೋಗುವ ರೂಢಿಯೂ ಇತ್ತು. ಬಟ್ಟೆ, ಟೋಪಿ, ಹೊತ್ತು. ಇಲ್ಲಿಯವರು ಹಾಡು ಕಟ್ಟಿ ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಅಜ್ಜನಿಗೆ ಹಾಡಿಲ್ಲದೆ ಬರುತ್ತಿತ್ತು ಅಲ್ವಾ?

ಹಾಗಂತ ಇಲ್ಲಿಯದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವವನೂ ನಾನಲ್ಲ. ನಮ್ಮ ಬಣ್ಣಕ್ಕೆ ಸ್ವಲ್ಪ ರಕ್ಷಣೆ ಇರುವುದು ನಿಜ. ಕಿವಿ ತೋರಿಸಲು ಹೋದಾಗ ಡಾಕ್ಟರು ಕಿವಿಯನ್ನು ಒಂದು ನಿಮಿಷ ನೋಡಿ, ಸಾಕ್ಸ್ ತೆಗೆಸಿದರು. ಕಂದು ತೊಗಲಿನವರಿಗೆ ಮೆಲನೋಮಾ ಅನ್ನುವ ಅಪಾಯದ ಚರ್ಮದ ಕ್ಯಾನ್ಸರ್ ಬರುವುದೇ ಅಪರೂಪ, ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿ ಜಾಸ್ತಿ. ಬಿಸಿಲೇ ತಾಗದ ಜಾಗ! ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಬಂದದ್ದು ಇದೇ. ಅವನು ತೀರಿಕೊಂಡದ್ದೂ ಆ ಕಡಲಹಕ್ಕಿ ಹಾಡಿದ 1981ರಲ್ಲೇ. ಅಂದರೆ ನಮಗೆ ಡಬ್ಬಗಟ್ಟಲೆ ಕ್ರೀಮಿಗಿಂತ ಸ್ನಾನದ ಹೊತ್ತಲ್ಲಿ ಅಂಗಾಲು ತಿರುಗಿಸಿ ನೋಡಿಕೊಳ್ಳುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಲೆಕ್ಕ. ಆದರೆ ಕಿವಿ, ಕತ್ತಿಗೆ ಕ್ರೀಮ್ ಬೇಡ ಅಂತ ಇನ್ನು ವಾದಿಸುವುದಿಲ್ಲ. ಆ ಉರಿ ನೆನಪಿದೆ.

ಮುಂದಿನ ತಿಂಗಳು ಮತ್ತೆ ಫಾರ್ಮ್‌ಗೆ ಹೋಗುತ್ತಿದ್ದೇವೆ. ಹಾಳೆ ಟೊಪ್ಪಿ ಕಳಿಸು ಅಂತ ಅಮ್ಮನಿಗೆ ಹೇಳಿದ್ದೆ, ಆಮೇಲೆ ನಾನೇ ಬೇಡ ಅಂದೆ. ಮರದ್ದು, ಎಲೆಯದ್ದು ಏನೇ ಬಂದರೂ ಇಲ್ಲಿನ ಗಡಿಯಲ್ಲಿ ನೂರೆಂಟು ವಿಚಾರಣೆ. ಅಗಲ ಅಂಚಿನದೊಂದು ಟೋಪಿ ಇಲ್ಲೇ ಕೊಂಡಿದ್ದೇನೆ. ವಿಡಿಯೋದಲ್ಲಿ ಹಾಕಿ ತೋರಿಸಿದರೆ ಅಮ್ಮ, 'ಒಳ್ಳೇದಾಯ್ತು, ಇನ್ನು ಸ್ವಲ್ಪ ಬಣ್ಣ ಬರತ್ತೆ' ಅಂದರು.